ಕಂಪ್ಯೂಟರಿಗೆ ಮಧ್ಯಾಹ್ನದ ಜ್ವರ

ನಾನು ಹುಟ್ಟಾ ನಿಧಾನಸ್ಥ. ಹುಮನಾಬಾದಿನ ಬಸ್ಸು ಹಾರ್ನ್ ಹಾಕುತ್ತಿದ್ದರೂ ಚಹಾದ ಕಪ್ಪಿನ ತಳ ಕಾಣುವವರೆಗೆ ಬೆಂಚು ಬಿಟ್ಟು ಏಳುವವನಲ್ಲ. ಹೆಣ್ಣು ನೋಡಲು ಹೋದಾಗಲೂ ತಡವಾಗಿಯೇ ಹೋದೆ. ನಮಗೆಂದು ಮಾಡಿಟ್ಟಿದ್ದ ಉಪ್ಪಿಟ್ಟು ಆರಿ ತಣ್ಣಗಾಗಿ, ಮತ್ತೆ ಒಲೆ ಏರಿ, ತಳ ಹತ್ತಿದ ವಾಸನೆಯೊಡನೆ ನಮ್ಮ ಮುಂದೆ ಬಂತು. ಅದನ್ನು ಬಿಸಿ ಮಾಡಿದ ಶಾಂತಾ ಈಗ ನನ್ನ ಹೆಂಡತಿ. ಆ ಉಪ್ಪಿಟ್ಟಿನ ಸಿಟ್ಟು ಅವಳಲ್ಲಿ ಇನ್ನೂ ಸ್ವಲ್ಪ ಬೆಚ್ಚಗೇ ಇದೆ. ಇಂಥ ನಾನು, ಜೀವವಿರುವ ಯಾರನ್ನೂ ಅವಸರಪಡಿಸದ ನಾನು, ಒಂದು ಬಡಪಾಯಿ ಕಂಪ್ಯೂಟರಿನ ಬೆನ್ನು ಹತ್ತಿ ಅದನ್ನು ಓಡಿಸಿದೆ ಎಂದರೆ ನೀವು ನಂಬಲಿಕ್ಕಿಲ್ಲ.

ನನ್ನದು ಬಸವಕಲ್ಯಾಣದಲ್ಲಿ ಮದುವೆಯ ಫೋಟೊ, ವಿಡಿಯೊ ತೆಗೆಯುವ ಧಂದೆ. ಕೆಳಗೆ ಮನೆ, ಮಾಳಿಗೆಯ ಮೇಲೊಂದು ಕೋಣೆ, ಕೋಣೆಯಲ್ಲಿ ಕಂಪ್ಯೂಟರು. ಮದುವೆಯ ದಿನ ಕ್ಯಾಮೆರಾ ಹಿಡಿಯುವುದು ಈ ಕೆಲಸದ ಸಣ್ಣ ಪಾಲು. ಆಮೇಲೆ ಅಕ್ಷತೆ ಬೀಳುವ ಕಡೆ ವಾದ್ಯ ಕೂಡಿಸಿ, ಬೀಗರ ಮುನಿಸನ್ನು ಕತ್ತರಿಸಿ ಬಿಸಾಕಿ, ಉಳಿದುದನ್ನೆಲ್ಲ ಒಂದು ಸಿನಿಮಾದಂತೆ ಬೇಯಿಸಿ ಇಳಿಸುವುದೇ ದೊಡ್ಡದು. ಈ ಬೇಯಿಸುವುದಕ್ಕೆ ನಾವು ರೆಂಡರ್ ಎನ್ನುತ್ತೇವೆ. ನನ್ನ ಹಳೆಯ ಯಂತ್ರ ರೆಂಡರ್ ಮಾಡತೊಡಗಿತೆಂದರೆ ನಾನು ಉಂಡು, ಮಲಗಿ, ಎದ್ದು, ಊರೆಲ್ಲ ಸುತ್ತಿ ಬಂದರೂ ಅದು ಇನ್ನೂ ಅರಿಶಿನದ ಶಾಸ್ತ್ರದಲ್ಲೇ ಇರುತ್ತಿತ್ತು. ಸ್ವಭಾವದಲ್ಲಿ ನನಗೂ ಅದಕ್ಕೂ ಹೊಂದಾಣಿಕೆ ಇತ್ತು, ಹಾಗಾಗಿ ನಾನೆಂದೂ ಬೇಸರಪಟ್ಟಿರಲಿಲ್ಲ.

ಅಷ್ಟರಲ್ಲಿ ಹುಮನಾಬಾದಿನ ಹೆದ್ದಾರಿಯ ಮೇಲೆ ಹೊಸ ಸ್ಟುಡಿಯೊ ಒಂದು ಬಂತು. ಮಂಟಪದ ಹೂವು ಬಾಡುವುದರೊಳಗೆ ಅವರು ಚಿತ್ರ ಕೈಗೆ ಕೊಡುತ್ತಾರೆ ಎಂದು ಸುದ್ದಿಯಾಯಿತು. ಹುಮನಾಬಾದಿನ ಬೇಳೆ ವ್ಯಾಪಾರಿ ವೀರಣ್ಣ ಸಾಹುಕಾರರು ತಮ್ಮ ಮಗಳ ಮದುವೆ ತೆಗೆಯಲು ನನ್ನನ್ನೇ ಕರೆಸಿದ್ದರು, ಆದರೆ ಮದುವೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು.

"ಪಂಚಮಿಗಿ ಮಗಳು ತವರಿಗಿ ಬರ್ತಾಳ್ರಿ. ಅಷ್ಟರಾಗ ಪಿಚ್ಚರ್ ಟಿವಿ ಮ್ಯಾಲ ಬರಬೇಕು. ಆಗೂದಿಲ್ಲಂದ್ರ ಈಗೇ ಹೇಳ್ರಿ, ಆ ಹೊಸಬರಿಗಿ ಕೊಡ್ತೀನಿ. ನಿಮ್ಮ ಕೈ ಛಲೋ ಅದ, ಖರೆ ಜಲ್ದಿ ಇಲ್ಲ."

ಸಾಹುಕಾರರು ಹೋದ ದಾರಿಯಲ್ಲೇ ಮಾರುಕಟ್ಟೆಯ ಉಳಿದ ಮನೆಗಳೂ ಹೋಗುತ್ತವೆ ಎಂಬುದು ನನಗೆ ಗೊತ್ತಿತ್ತು. ಇವರೊಬ್ಬರು ಕೈತಪ್ಪಿದರೆ ನನಗೆ ಉಳಿಯುವುದು ಪಾಸ್‌ಪೋರ್ಟ್ ಅಳತೆಯ ಫೋಟೊ ಮಾತ್ರ. ಹೊಸ ಯಂತ್ರದ ಮಾತನ್ನು ಶಾಂತಾಳ ಮುಂದೆ ಎತ್ತುವ ಧೈರ್ಯವಿರಲಿಲ್ಲ. ಉಳಿದದ್ದು ಒಂದೇ ದಾರಿ, ಇದ್ದ ಪ್ರೊಸೆಸರನ್ನೇ ಅದು ಹುಟ್ಟಿದ ವೇಗಕ್ಕಿಂತ ಹೆಚ್ಚು ಓಡಿಸುವುದು. ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ.

ನಮ್ಮ ಹಿರಿಯರು ಮುಹೂರ್ತ ನೋಡಲು ಗಳಿಗೆ ಬಟ್ಟಲು ಇಡುತ್ತಿದ್ದರಂತೆ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತಿಗೆ ಒಂದು ಗಳಿಗೆ. ಯಾವನೋ ಹಸಿದ ಪುರೋಹಿತ ಆ ತೂತನ್ನು ಸೂಜಿಯಿಂದ ಸ್ವಲ್ಪ ಹಿಗ್ಗಿಸಿದ್ದರೆ ಮುಹೂರ್ತವೂ ಊಟವೂ ಬೇಗ ಬರುತ್ತಿದ್ದವು. ಹಾಗೆ ಯಾರೂ ಮಾಡಿರಲಾರರು ಎಂದು ಹೇಳಲು ನನಗೆ ಧೈರ್ಯವಿಲ್ಲ, ಪುರೋಹಿತರ ಹಸಿವನ್ನು ನಾನು ಕ್ಯಾಮೆರಾದಲ್ಲಿ ಹತ್ತಿರದಿಂದ ಕಂಡವನು. ಪ್ರೊಸೆಸರಿಗೂ ಹೀಗೊಂದು ಗಳಿಗೆ ಇದೆ. ಅದರ ಒಂದೊಂದು ಬಡಿತಕ್ಕೂ ಅದು ಒಂದೊಂದು ಹೆಜ್ಜೆ ಇಡುತ್ತದೆ. ಬಡಿತ ಹೆಚ್ಚಿಸಿದರೆ ಹೆಜ್ಜೆ ಹೆಚ್ಚುತ್ತವೆ. ಹೆಜ್ಜೆ ತಪ್ಪಿ ಮುಗ್ಗರಿಸಿದರೆ ಸ್ವಲ್ಪ ವೋಲ್ಟೇಜ್ ಹೆಚ್ಚು ಉಣಿಸಬೇಕು. ಹೆಚ್ಚು ಉಂಡರೆ ಮೈ ಕಾಯುತ್ತದೆ, ಮೈ ಕಾದರೆ ಮತ್ತೆ ಮುಗ್ಗರಿಸುತ್ತದೆ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿದ ಎರಡು ಪ್ರೊಸೆಸರುಗಳಲ್ಲಿ ಒಂದು ತಣ್ಣಗೆ ಓಡುತ್ತದೆ, ಇನ್ನೊಂದು ಸಿಡುಕುತ್ತದೆ. ನನ್ನದು ಯಾವ ಜಾತಿಯದೆಂದು ಓಡಿಸಿಯೇ ನೋಡಬೇಕಿತ್ತು.

ಅಷ್ಟಕ್ಕೂ ಇದು ನಮ್ಮ ಕಡೆಗೆ ಹೊಸ ವಿದ್ಯೆಯಲ್ಲ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಒಮ್ಮೆ ಕುಳಿತು ನೋಡಿ. ಅದನ್ನು ಮಾಡಿದವನು ಎಷ್ಟು ಜನರಿಗೆಂದು ಲೆಕ್ಕ ಹಾಕಿದ್ದನೋ, ಅದರ ಎರಡು ಪಾಲು ಜನ ಒಳಗಿರುತ್ತಾರೆ. ಮೇಲೆ ತೊಗರಿ ಚೀಲ, ಹಿಂದೆ ಜೋತುಬಿದ್ದವರು ಬೇರೆ. ಏರಿನಲ್ಲಿ ಎಂಜಿನ್ ಕಾದು ಹೊಗೆ ಬಿಟ್ಟರೆ ಡ್ರೈವರ್ ಗಾಡಿ ನಿಲ್ಲಿಸಿ, ಇಳಿದು, ಒದ್ದೆ ಗೋಣಿತಟ್ಟನ್ನು ಹೊದಿಸಿ, ಒಂದು ಬೀಡಿ ಸೇದುತ್ತಾನೆ. ಬೀಡಿ ಮುಗಿಯುವುದೂ ಎಂಜಿನ್ ಆರುವುದೂ ಒಂದೇ ಹೊತ್ತಿಗೆ. ಆ ಲೆಕ್ಕವನ್ನು ಅವನು ಎಲ್ಲಿ ಕಲಿತನೋ ತಿಳಿಯದು, ನಾನಂತೂ ಇಂಟರ್‌ನೆಟ್ಟಿನಲ್ಲಿ ವಾರಗಟ್ಟಲೆ ಓದಿದೆ.

ಓದಿ ಮುಗಿಸಿ ದೊಡ್ಡ ಫ್ಯಾನಿನ ಕೂಲರ್ ತರಿಸಿದೆ. ಪ್ರೊಸೆಸರಿನ ನೆತ್ತಿಗೂ ಕೂಲರಿನ ತಳಕ್ಕೂ ನಡುವೆ ಶಾಖ ದಾಟಿಸುವ ಬೂದುಬಣ್ಣದ ಲೇಪವೊಂದನ್ನು ಹಚ್ಚಬೇಕು. ಕಾಳಿನಷ್ಟು ಹಚ್ಚಿದರೆ ಸಾಕು ಎಂದು ಬರೆದಿದ್ದರು. ಅಭ್ಯಾಸಬಲ ನೋಡಿ, ಬೆರಳಿಗೆ ಬೂದುಬಣ್ಣದ್ದು ಹತ್ತಿದೊಡನೆ ನನ್ನ ಮೂರು ಬೆರಳು ತಾವಾಗಿಯೇ ಮುಂದಾಗಿ ಪ್ರೊಸೆಸರಿನ ಹಣೆಗೆ ಮೂರು ಪಟ್ಟೆ ಎಳೆದುಬಿಟ್ಟವು. ಚಹಾ ತಂದ ಶಾಂತಾ ಅದನ್ನು ನೋಡಿದಳು.

"ವಿಭೂತಿ ಹಚ್ಚೀರಿ, ಬರಾಬರಿ ಆಯ್ತು. ಇನ್ನ ದಿನಾ ಪೂಜಿ ಮಾಡು ಅಂತ ಅದಕ್ಕೂ ಹೇಳ್ರಿ. ನಿಮ್ಮಂಗ ನಾಳಿ ನಾಳಿ ಅನ್ನೂದು ಬ್ಯಾಡ."

ಮೂರು ಪಟ್ಟೆಯ ಹಣೆಯಿಂದ ಹೆಚ್ಚಾದದ್ದೆಲ್ಲ ಒರೆಸಿ ತೆಗೆದು, ಯಂತ್ರ ಕಟ್ಟಿ, ಬಡಿತವನ್ನು ಮೆಲ್ಲಮೆಲ್ಲಗೆ ಏರಿಸಿದೆ. ಓಡಿತು. ಇನ್ನೂ ಏರಿಸಿದೆ. ನನ್ನ ಯಂತ್ರ ನನ್ನ ಹಾಗಿಲ್ಲ, ಅದಕ್ಕೆ ಮಹತ್ವಾಕಾಂಕ್ಷೆ ಇದೆ ಎಂದು ಗೊತ್ತಾಗಿ ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಹಲ್ಲಿ ಒಳಗೆ ಹೋಗಿ ಸತ್ತೀತೆಂದು ಕಂಪ್ಯೂಟರಿನ ಡಬ್ಬಿಯ ಬಾಗಿಲು ಮುಚ್ಚಿ, ಸಾಹುಕಾರರ ಮಗಳ ಮದುವೆಯನ್ನು ಬೇಯಲು ಇಟ್ಟೆ.

ಇಲ್ಲಿ ದೊಡ್ಡವ್ವನ ಮಾತು ಹೇಳಬೇಕು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಇಲ್ಲೇ ಹತ್ತಿರದ ಕೊಹಿನೂರ ಎಂಬ ಹಳ್ಳಿಯವಳು. ನಮ್ಮ ಬಳಗದಲ್ಲಿ ಯಾವ ಕೂಸು ಹುಟ್ಟಲಿ, ಹಳೆಯ ಸೀರೆ ಧೋತರಗಳ ತುಂಡು ಜೋಡಿಸಿ, ಸಾಲುಸಾಲು ಹೊಲಿಗೆ ಹಾಕಿ, ಒಂದು ಪುಟ್ಟ ಕೌದಿ ಹೊಲಿದು ಕಳಿಸುವುದು ಅವಳ ಕೆಲಸ. ಹಾಗೆಂದು ಯಾರೂ ಅವಳಿಗೆ ಒಪ್ಪಿಸಿದ್ದಲ್ಲ, ಆದರೆ ಅವಳ ಕೌದಿ ಬಾರದೆ ನಮ್ಮಲ್ಲಿ ಯಾವ ತೊಟ್ಟಿಲೂ ಪೂರ್ತಿ ಆದದ್ದಿಲ್ಲ. ಈ ವರ್ಷ ಅವಳಿಗೆ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸುವುದು ನಿಂತಿತು. ಕಣ್ಣಿನ ಔಷಧಕ್ಕೆಂದು ನಮ್ಮಲ್ಲಿಗೆ ಬಂದು ಉಳಿದಳು. ಕೊನೆಯ ಕೌದಿಯನ್ನು ಕೈಯ ಅಂದಾಜಿನಲ್ಲೇ ಹೊಲಿದು ಮುಗಿಸಿದ್ದಳಂತೆ. ಅದನ್ನು ಹೊದೆಯುವ ಕೂಸು ಬಳಗದಲ್ಲಿ ಸದ್ಯಕ್ಕೆ ಇಲ್ಲದ್ದರಿಂದ ತಾನೇ ಮಡಚಿ ಆಸನ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದಳು. ಶಾಂತಾ ಅವಳಿಗೆ ಅಡುಗೆಮನೆಯ ಕೆಲಸ ಮುಟ್ಟಲು ಬಿಡುತ್ತಿರಲಿಲ್ಲ. ಅದು ಪ್ರೀತಿಯೇ, ಆದರೆ ಎಪ್ಪತ್ತು ದಾಟಿದ ಹೆಂಗಸಿಗೆ ಸುಮ್ಮನೆ ಕೂರುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಹಗಲೆಲ್ಲ ಅವಳು ಮಾಳಿಗೆ ಹತ್ತಿ ಬಂದು ನನ್ನ ಕಂಪ್ಯೂಟರಿನ ಪಕ್ಕ ಕೂರತೊಡಗಿದಳು. ಆ ಫ್ಯಾನಿನ ಗುಂಯ್ ಸದ್ದು ಬೀಸುಕಲ್ಲಿನ ಸದ್ದಿನಂತಿದೆ, ಜೊತೆಗಿದ್ದಂತಾಗುತ್ತದೆ ಎನ್ನುತ್ತಿದ್ದಳು.

ರಾತ್ರಿ ಕರೆಂಟ್ ನಂಬುವಂತಿಲ್ಲ, ಹಗಲೇ ರೆಂಡರ್. ಅದು ಬೆಳಿಗ್ಗೆಯೆಲ್ಲ ಚೆನ್ನಾಗಿ ಓಡುತ್ತಿತ್ತು. ನಾನು ಕೆಳಗಿಳಿದು ಉಂಡು, ಕಣ್ಣು ಮುಚ್ಚಿ ತೆರೆದು ಬರುವಷ್ಟರಲ್ಲಿ ಯಂತ್ರ ಬಂದ್ ಆಗಿರುತ್ತಿತ್ತು. ಒಂದು ದಿನವಲ್ಲ, ದಿನವೂ ಮಧ್ಯಾಹ್ನವೇ. ಬೆಳಗಿನಿಂದ ಬೆಂದದ್ದೆಲ್ಲ ನೀರುಪಾಲು, ಮತ್ತೆ ಅರಿಶಿನದ ಶಾಸ್ತ್ರದಿಂದ ಶುರು.

"ಯಾವಾಗ ಬಂದ್ ಆಯ್ತು ದೊಡ್ಡವ್ವಾ?" ಎಂದು ಕೇಳಿದರೆ, "ಈಗ ಜರಾ ಹೊತ್ತಾಯ್ತು. ಆರಾಮ ಮಲಗ್ಯಾದ," ಎನ್ನುತ್ತಿದ್ದಳು.

ನಾನು ಪಂಡಿತನಾದೆ. ಮಧ್ಯಾಹ್ನ ಲೈನಿನಲ್ಲಿ ಕರೆಂಟ್ ಏರುಪೇರಾಗುತ್ತದೆ ಎಂಬ ಸಿದ್ಧಾಂತ ಕಟ್ಟಿ ಸ್ಟೆಬಿಲೈಜರ್ ತಂದೆ. ಬಿಸಿಲಿನ ಸಿದ್ಧಾಂತ ಕಟ್ಟಿ ಕಿಟಕಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟೆ. ವೋಲ್ಟೇಜ್ ಇಳಿಸಿದೆ, ಏರಿಸಿದೆ, ಲೇಪ ಒರೆಸಿ ಹೊಸದಾಗಿ ಹಚ್ಚಿದೆ, ಈ ಸಲ ಕಾಳಿನಷ್ಟೇ. ನಮ್ಮೂರ ಕೋಟೆಯೊಳಗಿನ ಹಳೆಯ ಕೋಣೆಗಳು ಬೇಸಿಗೆಯಲ್ಲೂ ಹೇಗೆ ತಂಪಾಗಿರುತ್ತವೆಂದು ನೋಡಿಬರಲು ಒಂದು ಸಲ ಅಲ್ಲಿಗೂ ಹೋದೆ. ಗೋಡೆ ಮಾರುದ್ದ ದಪ್ಪ ಇರಬೇಕು, ಮೇಲೆ ಬಿಸಿಗಾಳಿ ಹೋಗಲು ಕಿಂಡಿ ಇರಬೇಕು ಎಂಬುದು ತಿಳಿಯಿತು. ನನ್ನ ಡಬ್ಬಿಯ ನೆತ್ತಿಯಲ್ಲೂ ಕಿಂಡಿ ಇತ್ತು. ಆದರೂ ಮಧ್ಯಾಹ್ನ ಬಂದೇ ಬರುತ್ತಿತ್ತು, ಯಂತ್ರ ಮಲಗೇ ಮಲಗುತ್ತಿತ್ತು. ಪಂಚಮಿ ಹತ್ತಿರವಾಯಿತು.

ಒಂದು ಮಧ್ಯಾಹ್ನ ಉಣ್ಣುತ್ತಿರುವಾಗಲೇ ಸಾಹುಕಾರರ ಫೋನ್ ಬಂತು. "ಆಗಾಕತ್ತದ್ರಿ, ಇನ್ನೇನು ಆಗೇಬಿಡ್ತದ," ಎಂದು ಸುಳ್ಳು ಹೇಳಿದ್ದಕ್ಕೆ ನಿದ್ದೆ ಹಾರಿಹೋಗಿ, ಬರಿಗಾಲಲ್ಲೇ ಮಾಳಿಗೆ ಹತ್ತಿದೆ. ಬಾಗಿಲಲ್ಲೇ ನಿಂತೆ.

ನನ್ನ ಕಂಪ್ಯೂಟರಿನ ಮೈತುಂಬ ಕೌದಿ. ನಾಲ್ಕೂ ಕಡೆ ಒತ್ತಿ, ಗಾಳಿ ನುಸುಳದಂತೆ ಸಿಕ್ಕಿಸಿದ ಕೌದಿ. ಪಕ್ಕದಲ್ಲಿ ದೊಡ್ಡವ್ವ ಕುಳಿತು ಅದನ್ನು ಮೆಲ್ಲಗೆ ತಟ್ಟುತ್ತಿದ್ದಾಳೆ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

"ಸದ್ದ ಮಾಡಬ್ಯಾಡ. ಈಗ ಇಳ್ಯಾಕತ್ತದ."

"ಏನು ಇಳ್ಯಾಕತ್ತದ?"

"ಜ್ವರ. ಮೈ ಮುಟ್ಟಿದ್ರ ಸುಡಾಕತ್ತಿತ್ತು. ದಿನಾ ಮಧ್ಯಾಹ್ನ ಬರ್ತದ ಇದಕ್ಕ. ನೀ ಉಂಡು ಮಲಗ್ತಿ, ಯಾರರ ನೋಡಬೇಕಲ್ಲ. ಹೊಚ್ಚಿ ಕುಂತ್ರ ಜರಾ ಹೊತ್ತಿಗಿ ತಣ್ಣಗಾಗಿ ಮಲಗ್ತದ. ಆಮ್ಯಾಲ ಕೌದಿ ತೆಗದು ಮತ್ತ ಅದರ ಮ್ಯಾಲೇ ಕುಂದರ್ತೀನಿ."

ಅವಳ ಮಾತು ಮುಗಿಯುವುದಕ್ಕೂ ಪರದೆ ನೀಲಿಯಾಗಿ, ಫ್ಯಾನಿನ ಸದ್ದು ನಿಂತು, ಯಂತ್ರ ಬಂದ್ ಆಗುವುದಕ್ಕೂ ಸರಿಹೋಯಿತು. ದೊಡ್ಡವ್ವ ಗೆದ್ದವಳಂತೆ ನನ್ನ ಮುಖ ನೋಡಿದಳು. ಜ್ವರ ಬಂದವರಿಗೆ ಬೆವರು ಬಿಡುವವರೆಗೆ ಕೌದಿ ಹೊದಿಸುವುದು ನಮ್ಮ ಮನೆಗಳ ಪದ್ಧತಿ. ನನಗೂ ಅವಳು ಹಾಗೆ ಹೊದಿಸಿದವಳೇ. ಹೊದಿಸಿದ ಮೇಲೆ ಯಂತ್ರ ದಿನವೂ ತಣ್ಣಗಾಗುತ್ತಿದ್ದುದೂ ಸುಳ್ಳಲ್ಲ. ಅವಳ ಕಡೆಯಿಂದ ನೋಡಿದರೆ ಇಷ್ಟು ತಪ್ಪದೆ ಗುಣ ಕೊಟ್ಟ ಔಷಧ ಇನ್ನೊಂದಿರಲಿಲ್ಲ.

ನನಗೆ ನಗು ಬರಬೇಕಿತ್ತು. ಬಂದದ್ದು ಸಾಹುಕಾರರ ಮುಖ. "ದೊಡ್ಡವ್ವಾ, ಇದಕ್ಕ ಕೌದಿ ಹೊಚ್ಚಬಾರದು. ಹೊಚ್ಚಿದ್ರ ಸಾಯ್ತದ," ಎಂದೆ. ಸಾಯುವ ಮಾತು ಬೇಕಿರಲಿಲ್ಲ. ಅವಳು ಕೌದಿ ತೆಗೆದು, ಮಡಚಿ, ಕಂಕುಳಲ್ಲಿ ಇಟ್ಟುಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದಳು. ಮರುದಿನ ಮೇಲೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕೌದಿ ಅವಳ ಟ್ರಂಕಿನೊಳಗೆ ಹೋಯಿತೆಂದು ಶಾಂತಾ ಹೇಳಿದಳು.

ಯಂತ್ರ ಹಗಲೆಲ್ಲ ಒಂದೇ ಸಮನೆ ಓಡಿತು. ತಂಪಾಗಿ, ಸ್ಥಿರವಾಗಿ, ಪುಸ್ತಕದಲ್ಲಿ ಬರೆದಂತೆ. ಪಕ್ಕದಲ್ಲಿ ಖಾಲಿ ಜಾಗ ನೋಡುತ್ತ ಕುಳಿತ ನನಗೆ ಅದರಲ್ಲಿ ಒಂದಿಷ್ಟೂ ಸಂತೋಷವಾಗಲಿಲ್ಲ.

ಪಂಚಮಿಯ ದಿನ ಹುಮನಾಬಾದಿಗೆ ಹೋಗಿ ಚಿತ್ರ ಕೊಟ್ಟೆ. ಸಾಹುಕಾರರು ಖುಷಿಯಾಗಿ, ನೋಡಿಕೊಂಡೇ ಹೋಗಬೇಕೆಂದು ಉಂಡಿಯ ತಟ್ಟೆ ಕೊಟ್ಟು ಕೂರಿಸಿದರು. ಇಡೀ ಬಳಗ ಟಿವಿಯ ಮುಂದೆ ಸೇರಿತು. ಸಾಹುಕಾರರು ರಿಮೋಟ್ ಕೈಗೆ ತೆಗೆದುಕೊಂಡು, ಪರದೆಯ ಮೇಲೆ ತಾವು ಬೀಗರಿಗೆ ಕೈಮುಗಿದದ್ದು ಕಂಡಮೇಲೆ ಚಿತ್ರವನ್ನು ಜೋರಾಗಿ ಮುಂದಕ್ಕೆ ಓಡಿಸತೊಡಗಿದರು. ಅರಿಶಿನ ಓಡಿತು, ಅಕ್ಷತೆ ಓಡಿತು, ಪುರೋಹಿತರ ಬಾಯಿ ಹೊಲಿಗೆ ಮಿಶಿನ್ನಿನಂತೆ ಆಡಿತು. ಯಾರಾದರೂ ತಾವು ಉಣ್ಣುತ್ತಿರುವುದು ಕಂಡು, "ನಿಂದರ್ರಿ, ನಾ ಬಂದೆ," ಎಂದಾಗ ಮಾತ್ರ ನಿಲ್ಲುತ್ತಿತ್ತು.

"ಭಾಳ ಛಲೋ ಆಗ್ಯಾದ್ರಿ," ಎಂದರು ಸಾಹುಕಾರರು. "ತಮ್ಮನ ಮಗನದೂ ನಿಮಗೇ."

ಧಂದೆ ಉಳಿಯಿತು. ವಾಪಸು ಬರುವಾಗ ಟಂಟಂ ಏರಿನಲ್ಲಿ ಕಾದು ನಿಂತಿತು. ಡ್ರೈವರ್ ಗೋಣಿತಟ್ಟು ಹೊದಿಸಿ ಬೀಡಿ ಹಚ್ಚಿದ. ಬಿಸಿಲಲ್ಲಿ ನಿಂತು ಅವನನ್ನೇ ನೋಡಿದೆ. ಅವನ ಗೋಣಿತಟ್ಟಿಗೆ ನೀರು ಸೋಕಿತ್ತು, ದೊಡ್ಡವ್ವನ ಕೌದಿಗೆ ಸೋಕಿರಲಿಲ್ಲ. ಇಷ್ಟೇ ಅಂತರಕ್ಕೆ ನಾನು ಅವಳನ್ನು ಮೆಟ್ಟಿಲಿಳಿಸಿಬಿಟ್ಟಿದ್ದೆ.

ಮನೆಗೆ ಬಂದವನು ಬಟ್ಟೆ ಬದಲಿಸದೆ ಮಾಳಿಗೆ ಹತ್ತಿ, ಪ್ರೊಸೆಸರಿನ ಬಡಿತವನ್ನು ಅದು ಹುಟ್ಟಿದ ವೇಗಕ್ಕೆ ಇಳಿಸಿದೆ. ಅದೂ ಸಾಲದೆನಿಸಿ ಇನ್ನೂ ಸ್ವಲ್ಪ ಇಳಿಸಿದೆ. ಓವರ್‌ಕ್ಲಾಕ್ ಮಾಡುವವರು ಯಂತ್ರದ ಸ್ಥಿರತೆ ಪರೀಕ್ಷಿಸಲು ದೊಡ್ಡ ದೊಡ್ಡ ಸಾಫ್ಟ್‌ವೇರ್ ಹಚ್ಚುತ್ತಾರೆ. ದೊಡ್ಡವ್ವನ ಕೌದಿಯೊಳಗೆ ಒಂದು ಮಧ್ಯಾಹ್ನ ಕಳೆಯಬಲ್ಲದ್ದು ಸ್ಥಿರ, ಉಳಿದುದೆಲ್ಲ ಅಸ್ಥಿರ ಎಂದು ನಾನು ನನ್ನದೇ ಪರೀಕ್ಷೆ ನಿಗದಿ ಮಾಡಿದೆ. ಆಮೇಲೆ ಮೆಟ್ಟಿಲ ತುದಿಯಿಂದ ಕೂಗಿದೆ.

"ದೊಡ್ಡವ್ವಾ, ಇದರ ತಬಿಯತ್ ಬರಾಬರಿ ಇಲ್ಲ ನೋಡು. ಕೌದಿ ತಗೊಂಡು ಬಾ."

"ನಿನ್ನ ಮಿಶಿನ್ನಿನ ಗೊಡವಿ ನನಗ ಬ್ಯಾಡಪ್ಪ," ಎಂದಿತು ದನಿ. ಸ್ವಲ್ಪ ಹೊತ್ತಿಗೆ ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿತು.

ಬಂದಳು. ಡಬ್ಬಿಯ ನೆತ್ತಿ, ಬೆನ್ನು, ಪಕ್ಕೆಗಳನ್ನೆಲ್ಲ ಅಂಗೈಯಲ್ಲಿ ಮುಟ್ಟಿ ನೋಡಿದಳು. "ಏನೂ ಆಗಿಲ್ಲ ಇದಕ್ಕ. ತಣ್ಣಗದ," ಎಂದಳು. ಬಡಿತ ಇಳಿಸುವುದರಲ್ಲೂ ನಾನು ಅವಸರ ಮಾಡಿದ್ದೆ. ಹೊದಿಸಲು ಜ್ವರವನ್ನೇ ಉಳಿಸಿರಲಿಲ್ಲ.

ಆಗ ಅವಳು ಅದೇ ಅಂಗೈಯನ್ನು ನನ್ನ ಹಣೆಯ ಮೇಲಿಟ್ಟಳು.

"ನಿನಗ ಬಂದದಲ್ಲೋ," ಎಂದಳು. "ಎಷ್ಟ ಓಡಾಡ್ತಿ. ಮಲಗು."

ಜ್ವರವಲ್ಲ, ಬಿಸಿಲಲ್ಲಿ ಬಂದದ್ದಕ್ಕೆ ಹಾಗೆ ಎಂದು ಹೇಳಬಹುದಿತ್ತು. ಹೇಳದೆ ಚಾಪೆಯ ಮೇಲೆ ಮಲಗಿದೆ. ಕೂಸಿನ ಅಳತೆಯ ಕೌದಿ, ಎದೆಗೆ ಎಳೆದರೆ ಹೊಟ್ಟೆ ಬಯಲಾಗುತ್ತಿತ್ತು. ನಾಲ್ಕೂ ಕಡೆ ಒತ್ತಿ, ಗಾಳಿ ನುಸುಳದಂತೆ ಸಿಕ್ಕಿಸಿ, ಅವಳು ಮೆಲ್ಲಗೆ ತಟ್ಟತೊಡಗಿದಳು. ಕೆಳಗಿನಿಂದ ಶಾಂತಾ, ಉಪ್ಪಿಟ್ಟು ಆರಾಕತ್ತದ, ಬರ್ತೀರೇನು ಎಂದು ಕೂಗಿದಳು.

"ಸದ್ದ ಮಾಡಬ್ಯಾಡ," ಎಂದಳು ದೊಡ್ಡವ್ವ. "ಈಗ ಇಳ್ಯಾಕತ್ತದ."

ನಾನು ಯಾವ ನೀಲಿ ಪರದೆಯೂ ಇಲ್ಲದೆ ಬಂದ್ ಆದೆ. ಉಪ್ಪಿಟ್ಟನ್ನು ಶಾಂತಾ ಮತ್ತೊಮ್ಮೆ ಬಿಸಿ ಮಾಡಬೇಕಾಯಿತು.