ಮುಚ್ಚಿಹೋದ ಎರಡನೇ ಸ್ಲಾಟು

ಬೆಳಕು ಹರಿಯುವ ಮುನ್ನ ಅವಳು ಮುಗಿಸುವ ಕೆಲಸಗಳು ಇವು: ಹಾಸಿಗೆ ಹಿಡಿದ ಅತ್ತೆಯ ಬೆಡ್‌ಪ್ಯಾನ್ ತೊಳೆಯುವುದು, ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಪೌಡರ್ ಹಾಕುವುದು, ನೀರು ತುಂಬುವುದು, ಗಂಡ ಮತ್ತು ಮೈದುನ ಟೀವಿ ಮುಂದೆ ಬಿಟ್ಟೆದ್ದ ತಟ್ಟೆಗಳಲ್ಲಿ ಒಣಗಿ ಅಂಟಿದ್ದನ್ನು ಉಗುರಿನಿಂದ ಕೆರೆಯುವುದು, ಮಗಳ ಡಬ್ಬಿ ಕಟ್ಟುವುದು. ಆಮೇಲೆ ಊಟದ ಮೇಜನ್ನು ಒರೆಸಿ ಒಣಗಿಸಿ, ಅದರ ಮೇಲೆ ಒಂದು ಕಂಪ್ಯೂಟರ್ ಜೋಡಿಸುವುದು. ಕೊನೆಗೆ ಒಂದು ಚೀಟಿ ಬರೆಯುವುದು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾವ ಗಿರಾಕಿಗೆ ಯಾವ ಮದರ್‌ಬೋರ್ಡು, ಅದಕ್ಕೆ ಯಾವ ಗ್ರಾಫಿಕ್ಸ್ ಕಾರ್ಡು ಒಗ್ಗುತ್ತದೆ, ಪವರ್ ಸಪ್ಲೈ ಎಷ್ಟು ವ್ಯಾಟಿನದಿರಬೇಕು, ಕಾರ್ಡಿನ ಉದ್ದಕ್ಕೆ ಕ್ಯಾಬಿನೆಟ್ಟಿನಲ್ಲಿ ಜಾಗವಿದೆಯೇ, ಇಷ್ಟನ್ನೂ ಬರೆದು ಅವಳು ಕೌಂಟರಿನ ಗಾಜಿನಡಿ ಇಡುತ್ತಾಳೆ. ಗಂಡ ಅದನ್ನು ಓರೆಗಣ್ಣಿನಲ್ಲಿ ಓದಿಕೊಂಡು, ಈಗಷ್ಟೇ ತಲೆಯಲ್ಲಿ ಹೊಳೆದವನಂತೆ ಗಿರಾಕಿಗೆ ಹೇಳುತ್ತಾನೆ. ಬೀದಿಯವರು ಅವನನ್ನು ಇಂಜಿನಿಯರ್ ಅನ್ನುತ್ತಾರೆ. ಅವಳನ್ನು ಇಂಜಿನಿಯರ್ ಮನೆಯವರು ಅನ್ನುತ್ತಾರೆ.

ಅವಳಿಗೆ ಇದನ್ನು ಯಾರೂ ಕಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ, ರಿಪೇರಿಗೆ ಬಂದ ಕಂಪ್ಯೂಟರುಗಳ ಧೂಳು ತೆಗೆಯುವುದು ಹೆಂಗಸಿನ ಕೆಲಸವೆಂದು ಅವಳ ಕೈಗೆ ಬ್ರಷ್ ಕೊಟ್ಟರು. ಒಳಗೆ ಕೂದಲು, ಜಿರಲೆ ಕಾಲು, ಸಿಗರೇಟು ಹೊಗೆಯ ಹಳದಿ ಜಿಗುಟು. ಅದನ್ನೆಲ್ಲ ಬಿಡಿಸುತ್ತ ಬಿಡಿಸುತ್ತ, ಯಾವುದು ಯಾವುದರಲ್ಲಿ ಕೂರುತ್ತದೆಂಬುದು ಕೈಗೆ ಹತ್ತಿತು. ಮೂಗು ಮುಚ್ಚಿಕೊಂಡು ದೂರ ನಿಂತ ಗಂಡಸರಿಗೆ ಹತ್ತಲಿಲ್ಲ.

ಎರಡು ಬೀದಿ ಆಚೆ ಒಬ್ಬ ವಿಡಿಯೋ ಮೇಡಂ ಇದ್ದಾರೆ. ಸಭೆಗಳನ್ನು ಕ್ಯಾಮೆರಾದಿಂದ ನೇರವಾಗಿ ಪ್ರಸಾರ ಮಾಡುವುದು ಅವರ ಹೊಸ ಕಸುಬು. ಅವರ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡಿನ ಜೊತೆ ಕ್ಯಾಮೆರಾದ ಚಿತ್ರ ಒಳಗೆ ತರುವ ಇನ್ನೊಂದು ಕಾರ್ಡೂ ಬೇಕಿತ್ತು. ಚೀಟಿಯಲ್ಲಿ ಅವಳು, ಕಾರ್ಡು ಕೂರಿಸುವ ಸ್ಲಾಟುಗಳು ದೂರ ದೂರ ಇರುವ ದೊಡ್ಡ ಬೋರ್ಡನ್ನು ಬರೆದಿದ್ದಳು. ಗಂಡ ಅದನ್ನು ಪಕ್ಕಕ್ಕೆ ಸರಿಸಿ, ಪುಟ್ಟ ಗಾಜಿನ ಕ್ಯಾಬಿನೆಟ್ ತೋರಿಸಿ, "ಇದು ಮುದ್ದಾಗಿದೆ ಮೇಡಂ, ಲೇಡೀಸ್‌ಗೆ ಎತ್ತೋಕೂ ಹಗುರ" ಎಂದು ಹೇಳಿ ಬೋರ್ಡನ್ನೂ ಚಿಕ್ಕದು ಮಾಡಿಬಿಟ್ಟಿದ್ದ.

ಈ ಬೆಳಿಗ್ಗೆ, ಗಂಡ ಟೀವಿ ಮುಂದೆ ತಿಂಡಿಗೆ ಕೂತ ಹೊತ್ತಿಗೆ, ಮೇಜಿನ ಮೇಲೆ ಅದು ಗೊತ್ತಾಯಿತು. ಗ್ರಾಫಿಕ್ಸ್ ಕಾರ್ಡು ಇಟ್ಟಿಗೆಯಷ್ಟು ದಪ್ಪ. ಮೊದಲ ಸ್ಲಾಟಿನಲ್ಲಿ ಕೂತು, ಅಂಟಿಕೊಂಡಂತಿದ್ದ ಎರಡನೆಯದನ್ನು ಪೂರ್ತಿ ಮುಚ್ಚಿತು.

"ರೀ, ಎರಡನೇ ಸ್ಲಾಟು ಮುಚ್ಚಿಹೋಯ್ತು. ಕ್ಯಾಮೆರಾ ಕಾರ್ಡು ಎಲ್ಲಿ ಹಾಕ್ಲಿ, ನಿಮ್ಮ ತಲೆ ಮೇಲಾ?"

ಗಂಡ ತಿನ್ನುತ್ತಲೇ ಬಂದು ಕ್ಯಾಮೆರಾ ಕಾರ್ಡನ್ನು ಎತ್ತಿಕೊಂಡ. ಎಣ್ಣೆಗೈಯ ಹೆಬ್ಬೆರಳು ಸೀದಾ, ಸ್ಲಾಟಿನೊಳಗೆ ಕೂರುವ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ.

"ಒತ್ತಿದ್ರೆ ಕೂರುತ್ತೆ ಕಣೆ. ನೀನು ಒತ್ತೋದೇ ಇಲ್ಲ."

"ಅತ್ತಿಗೆ ಬೋರ್ಡನ್ನೂ ಅಮ್ಮನ್ನ ಹೊರಳಿಸ್ದಂಗೆ ಹೊರಳಿಸ್ತಾರೆ, ಎಲ್ಲಿ ನೋವಾಗುತ್ತೋ ಅಂತ," ಎಂದ ಮೈದುನ ಹಾಸಿಗೆಯಿಂದಲೇ. ಅಣ್ಣ ತಮ್ಮ ಇಬ್ಬರೂ ನಕ್ಕರು.

"ದೊಡ್ಡ ಬೋರ್ಡು ಶೆಲ್ಫಲ್ಲೇ ಇದೆ. ಬದಲಾಯಿಸಿ ಕೊಡೋಣ."

"ನಾನೇ ಆರಿಸಿದ್ದು ಅಂತ ಹೇಳಿದೀನಲ್ಲ. ಈಗ ತಪ್ಪಾಯ್ತು ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಆ ಕಾರ್ಡನ್ನ ಡಬ್ಬಿಯಲ್ಲೇ ಇಟ್ಟುಕೊಡು. ಕೇಳಿದ್ರೆ, 'ನಿಮ್ಮ ಕ್ಯಾಮೆರಾ ಹಳೇದು, ಒಗ್ಗಲ್ಲ' ಅಂತೀನಿ. ಅವಳಿಗೇನು ಗೊತ್ತಾಗುತ್ತೆ."

"ನಾಳೆ ಅವರ ಮೊದಲನೇ ದೊಡ್ಡ ಸಭೆ. ಕೈಕೊಟ್ರೆ ಇನ್ನೊಂದ್ಸಲ ಯಾರು ಕರೀತಾರೆ ಅವರನ್ನ?"

"ಅದಕ್ಕೆ ನಾನೇನ್ಮಾಡ್ಲಿ?" ಎಂದು ತೇಗಿ, ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದ. ಮೈದುನ ಹೊದಿಕೆ ಎಳೆದುಕೊಂಡ.

ಅವಳು ಕಾರ್ಡನ್ನು ಬೆಳಕಿಗೆ ಹಿಡಿದಳು. ಹೆಬ್ಬೆರಳಿನ ಗೆರೆಗಳೆಲ್ಲ ಎಣ್ಣೆಯಲ್ಲಿ ಎದ್ದು ಕಾಣುತ್ತಿದ್ದವು. ಹನ್ನೆರಡು ವರ್ಷ ಬೆಡ್‌ಪ್ಯಾನ್ ತೊಳೆದರೂ ಬಾರದ ವಾಕರಿಕೆ ಈಗ ಗಂಟಲಿಗೆ ಬಂತು. ಸ್ಪಿರಿಟ್ ಹಚ್ಚಿ ಉಜ್ಜಿದಳು. ಗುರುತು ಹೋಯಿತು, ವಾಕರಿಕೆ ಹೋಗಲಿಲ್ಲ.

ಇಂಥ ತಪ್ಪುಗಳನ್ನು ಅವಳು ಎಷ್ಟೋ ಸಲ ಗುಟ್ಟಾಗಿ ಸರಿಮಾಡಿದ್ದಾಳೆ. ಈಗಲೂ ಆಗುತ್ತಿತ್ತು: ಬೋರ್ಡು, ಕ್ಯಾಬಿನೆಟ್ಟು ಬದಲಾಯಿಸಿದರೆ ಸಾಕು, "ನಿಮಗೋಸ್ಕರ ದೊಡ್ಡದೇ ಕೊಡ್ತಿದೀನಿ ಮೇಡಂ" ಎಂದು ಅವನು ಎದೆಯುಬ್ಬಿಸುತ್ತಿದ್ದ. ಮೇಡಂ ಅವನಿಗೇ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಆ ದೃಶ್ಯವನ್ನು ನೆನೆದರೇ ಮೈಯೆಲ್ಲ ಅಂಟಂಟಾದಂತಾಯಿತು.

ದೊಡ್ಡ ಬೋರ್ಡಿನ ಪೆಟ್ಟಿಗೆಯನ್ನು ಇಳಿಸಿ ಮೇಜಿನ ಮೇಲಿಟ್ಟಳು. ಸೀಲು ಒಡೆಯಲಿಲ್ಲ. ಆರ್ಡರ್ ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು.

"ಮೇಡಂ, ನಿಮ್ಮ ಕಂಪ್ಯೂಟರ್ ಜೋಡಿಸೋದು ನಾನು. ನಿಮಗೆ ಆರಿಸಿಕೊಟ್ಟ ಬೋರ್ಡು ತಪ್ಪು. ಎರಡು ಕಾರ್ಡೂ ಕೂರಲ್ಲ. ಸರಿಯಾದ್ದು ಇಲ್ಲೇ ಇದೆ, ಈಗಲೇ ಬನ್ನಿ, ನಿಮ್ಮ ಮುಂದೇನೇ ಜೋಡಿಸಿ ನಡೆಸಿ ತೋರಿಸ್ತೀನಿ."

"ಮತ್ತೆ ಇಂಜಿನಿಯರ್ ಸರ್ ಹಾಗೆ ಹೇಳಿದ್ರಲ್ಲ?"

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಅವಳು ದನಿ ತಗ್ಗಿಸಲಿಲ್ಲ.

"ಅವರಿಗೆ ಗೊತ್ತಿಲ್ಲ ಮೇಡಂ. ನನಗೆ ಗೊತ್ತಿದೆ."