ಖಲಬತ್ತಿನೊಳಗಿನ ಪ್ರದಕ್ಷಿಣೆ

ಪಂಪಾಪತಿಯನ್ನು ನಂಬಿದ ಎಲ್ಲರಿಗೂ ನನ್ನ ಶರಣು. ಕಳೆದ ಕಾರ್ತಿಕದಲ್ಲಿ ನನ್ನ ಓದೇ ನಿಂತುಹೋಗುವುದರಲ್ಲಿತ್ತು. ನಾನು ಹೊಸಪೇಟೆಯಲ್ಲಿ ಫಾರ್ಮಸಿ ಓದುತ್ತಿದ್ದೇನೆ. ಇಂಟರ್ನಲ್ ಪ್ರಾಕ್ಟಿಕಲ್‌ಗಳಲ್ಲೆಲ್ಲ ಫೇಲಾಗಿದ್ದೆ, ಉಳಿದದ್ದು ಕೊನೆಯ ಪರೀಕ್ಷೆ ಮಾತ್ರ. ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುವ ಅಪ್ಪ ಫೋನಿನಲ್ಲಿ ಹೇಳಿದ್ದರು: “ಇದೂ ಹೋತಂದ್ರ ಗಂಟುಮೂಟಿ ಕಟ್ಕೊಂಡು ಮನಿಗೆ ಬಂದ್ಬಿಡು ತಾಯಿ.”

ನನ್ನನ್ನು ಕಾಡಿದ್ದು ಎಮಲ್ಷನ್, ಎಣ್ಣೆಯೂ ನೀರೂ ಕೂಡಿ ಒಂದಾಗಬೇಕಾದ ಔಷಧ. ಎಣ್ಣೆ, ನೀರು, ಗೋಂದಿನ ಪುಡಿಯನ್ನು ಔಷಧ ಅರೆಯುವ ಖಲಬತ್ತಿಗೆ ಹಾಕಿ, ಕೈ ನಿಲ್ಲಿಸದೆ ಒಂದೇ ದಿಕ್ಕಿಗೆ ತಿರುವಬೇಕು. ಚಟಚಟ ಸದ್ದು ಬಂದರೆ ಹಾಲಿನ ಕೆನೆಯಂಥ ಔಷಧ. ಇಲ್ಲದಿದ್ದರೆ ಒಡೆದು ಎಣ್ಣೆ ಮೇಲೆ ತೇಲುತ್ತದೆ. ನನ್ನದು ಪ್ರತಿ ಸಲವೂ ತೇಲುತ್ತಿತ್ತು. ಅಳತೆ ತಪ್ಪಿದೆ ಎಂದರು ಲ್ಯಾಬ್ ಮೇಡಂ. ಎಷ್ಟು ಸರಿಯಾಗಿ ಅಳೆದರೂ ಅದೇ ಹಾಡು.

ಪಕ್ಕದಲ್ಲಿ ನಿಲ್ಲುತ್ತಿದ್ದವಳು ನನ್ನ ರೂಮ್‌ಮೇಟ್ ಶ್ರಾವಣಿ, ಕಂಪ್ಲಿಯ ರೈಸ್‌ಮಿಲ್ಲಿನವರ ಮಗಳು. ಅವಳು ಹಾಡು ಗುನುಗುತ್ತಾ ತಿರುವಿದರೂ ಚಟಚಟ! ಸಂಜೆ ಡ್ಯಾಮಿನ ಗಾರ್ಡನ್, ಭಾನುವಾರ ಗೆಳತಿಯರ ಜೊತೆ ಹಂಪಿ, ನಡುವೆ ಮಿರ್ಚಿ ಮಂಡಕ್ಕಿ. ಆದರೂ ಕ್ಲಾಸಿಗೆ ಅವಳೇ ಮೊದಲು. ಅವಳ ಬಿಳಿ ಕೋಟು ಕೂಡ ನನ್ನದಕ್ಕಿಂತ ಬಿಳಿ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಪರೀಕ್ಷೆಗೆ ಮುಂಚಿನ ಸೋಮವಾರ ಅವಳಿಗೆ ಹೇಳದೆ ಹಂಪಿ ಬಸ್ಸು ಹತ್ತಿದೆ. ಬಸ್ಸು ಹೊರಡುವಷ್ಟರಲ್ಲಿ ಅವಳೇ ಓಡಿ ಬಂದು ಪಕ್ಕದಲ್ಲೇ ಕುಳಿತಳು.

“ಲೇ, ನನ್ನ ಬಿಟ್ಟು ಒಬ್ಬಾಕೀನ ದೇವರ ಹತ್ರ ಹೊಂಟೀಯೇನ? ಭಾಳ ಶಾಣ್ಯಾಕಿ ಬಿಡು!”

ದೇವರನ್ನಾದರೂ ನನಗೊಬ್ಬಳಿಗೇ ಬಿಡಬಾರದೇ ಎನಿಸಿತು.

ನಮ್ಮ ಪಂಪಾಪತಿ ವಿರೂಪಾಕ್ಷನ ಮುಂದೆ ಮನಸ್ಸಿನಲ್ಲೇ ಬೇಡಿಕೊಂಡೆ: “ತಂದೆ, ನನ್ನ ಎಮಲ್ಷನ್ ಕೂಡಿಸು. ಆಗಂಗಿಲ್ಲ ಅಂದ್ರ ಆಕಿದೂ ಒಡಿಸು.” ಆಮೇಲೆ ಪ್ರದಕ್ಷಿಣೆಗೆ ಹೊರಟೆ. ನಮ್ಮ ಮನೆಯ ಪದ್ಧತಿಯಲ್ಲಿ ಶಿವನಿಗೆ ಪೂರ್ತಿ ಸುತ್ತು ಹಾಕುವಂತಿಲ್ಲ. ಅಭಿಷೇಕದ ನೀರು ಹರಿಯುವ ಜಾಗದವರೆಗೆ ಹೋಗಿ, ಅದನ್ನು ದಾಟದೆ, ಬಂದ ದಾರಿಯಲ್ಲೇ ಮರಳಬೇಕು. ಹಾಗೆ ಮರಳುವಾಗ ಹಿಂದೆ ಬರುತ್ತಿದ್ದ ಶ್ರಾವಣಿ ಎದುರಾದಳು.

“ನಿಲ್ಲ ನಿಲ್ಲ! ಲ್ಯಾಬ್‌ನಾಗ ನಿನ್ನ ಕೈನೂ ಹಿಂಗ ಹೊಳ್ಳಿ ಬರತೈತಿ. ಕಣ್ಣ ಮುಚ್ಚಿ ಏನ ಮಾಡ್ತಿರ್ತಿ ನೀ?”

“ಹೆದರಿಕಿ ಆಗತೈತಿ. ಮನಸಿನಾಗ ಪಂಪಾಪತಿಗೆ ಪ್ರದಕ್ಷಿಣಿ ಹಾಕ್ತೀನಿ,” ಎಂದೆ. ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಒಂದೇ ದಿಕ್ಕು ಎಂದು ಥಿಯರಿಯಲ್ಲಿ ಬರೆದವಳು, ಖಲಬತ್ತಿನಲ್ಲಿ ಆ ಪ್ರದಕ್ಷಿಣೆಯಂತೆಯೇ ಅರ್ಧ ಹೋಗಿ ಹಿಂದೆ ಬರುತ್ತಿದ್ದೆ!

ಶ್ರಾವಣಿ ಗುಡಿ ಎನ್ನುವುದನ್ನೂ ಮರೆತು ನಕ್ಕಳು. “ಶಿವಗ ಸರಿ ಐತಿ, ಎಣ್ಣಿಗೆ ಸರಿ ಇಲ್ಲ. ಪಂಪಾದೇವಿ ಇಲ್ಲೇ ಅದಾಳಲ್ಲ, ಆಕೀನ ನೆನಸು. ಅಮ್ಮಗ ಪೂರಾ ಸುತ್ತು ನಡೀತೈತಿ.”

ನನ್ನ ಪ್ರಾರ್ಥನೆಗೆ ಉತ್ತರ ಅವಳ ಬಾಯಿಂದಲೇ ಬರಬೇಕೆ? ಹೇಳಲು ಪೂಜಾರಿಯವರಿದ್ದರು, ಮೇಡಂ ಇದ್ದರು.

ಪರೀಕ್ಷೆಯ ದಿನ ಪಂಪಾದೇವಿ ಅಮ್ಮನನ್ನು ನೆನೆದು ತಿರುವಿದೆ, ತಿರುವುತ್ತಲೇ ಇದ್ದೆ. ಚಟಚಟ! ಸದ್ದು ಕೇಳಿ ಶ್ರಾವಣಿ “ಬಂತಲೇ!” ಎಂದು ತನ್ನ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ಅವಳದು ಒಡೆಯಿತು.

ಬೇಡಿದ್ದು ನಾನೇ ಅಲ್ಲವೇ! ಅವಳು ಗಡಿಯಾರ ನೋಡಿಕೊಂಡು ಮತ್ತೆ ಎಣ್ಣೆ ಅಳೆಯತೊಡಗಿದಳು. ನನ್ನ ಕೆಲಸ ಮುಗಿದಿತ್ತು. ಆದರೂ ಅಲ್ಲೇ ಕಣ್ಣು ಮುಚ್ಚಿ ನಿಂತು ಅಮ್ಮನ ಸುತ್ತ ಹೊರಟೆ: “ತಾಯಿ, ಆಕಿದೂ ಕೂಡಿಸು. ಜಲ್ದಿ ಕೂಡಿಸು.” ಪಕ್ಕದಿಂದ ಚಟಚಟ ಕೇಳುವವರೆಗೆ ನಾನು ನಿಲ್ಲಲಿಲ್ಲ.

ಇಬ್ಬರೂ ಪಾಸಾದೆವು. ಸುದ್ದಿ ಕೇಳಿ ಅಪ್ಪ ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಅತ್ತರಂತೆ. ಪಂಪಾದೇವಿಯ ಮೇಲಿನ ನನ್ನ ನಂಬಿಕೆಯನ್ನು ಇನ್ನು ಯಾರೂ ಅಲುಗಿಸಲಾರರು. ಶ್ರಾವಣಿಗಾಗಿ ಬೇಡಿದ್ದನ್ನೂ ಆಕೆ ಕೊಟ್ಟಳು. ಕೊಡುವಾಗ ಅವಳಿಗೆ ನನಗಿಂತ ಹೆಚ್ಚು ಮಾರ್ಕ್ಸ್ ಕೊಟ್ಟಳು. ಅದು ಯಾಕೆಂದು ಮಾತ್ರ ಪ್ರತಿ ಸೋಮವಾರ ಹೋಗಿ ಕೇಳುತ್ತಿದ್ದೇನೆ.