ಬಾಗಿಲ ತೂತಿನಲ್ಲಿ ಅರ್ಧ ಮನುಷ್ಯ

ಸಿನಿಮಾದಲ್ಲಿ ತಲೆಯಿಲ್ಲದ ಅಂಗಿಯೊಂದು ಪರದೆ ತುಂಬ ನಿಂತರೆ ನಾನು ಈಗಲೂ ಕುರ್ಚಿಯಿಂದ ಅರ್ಧ ಏಳುತ್ತೇನೆ. ಮುಖ ಕಂಡೀತೆಂದು ಕುತ್ತಿಗೆ ಎತ್ತುತ್ತೇನೆ. ಬೀದರಿನ ಟಾಕೀಸಿನಲ್ಲಿ ಒಮ್ಮೆ ಹಿಂದಿನ ಸಾಲಿನವರು, "ಮಾಸ್ತರ, ಪರದಿ ಅಂಚಿನ ಮ್ಯಾಲ ಏನೂ ಇಲ್ರಿ, ಕೂಡ್ರಿ," ಎಂದು ಗದರಿದರು. ಅವರು ಹೇಳಿದ್ದು ಸರಿಯೇ. ಕ್ಯಾಮೆರಾ ತೋರಿಸಿದ್ದಕ್ಕಿಂತ ತೋರಿಸದೆ ಬಿಟ್ಟದ್ದೇ ನಮ್ಮನ್ನು ಹೆಚ್ಚು ಕಾಡುತ್ತದೆ. ಈ ಪಾಠ ನನಗಾದದ್ದು ಮಾತ್ರ ಸಿನಿಮಾದಲ್ಲಲ್ಲ, ೧೯೪೮ರಲ್ಲಿ, ಬೀದರ ಸೀಮೆಯ ಡಾಬಕಾ ಎಂಬ ಹಳ್ಳಿಯಲ್ಲಿ.

ಹೈದರಾಬಾದಿನ ಕಾಲೇಜು ಮುಚ್ಚಿದ್ದರಿಂದ ನಾನು ಅಲ್ಲಿನ ಸೋದರಮಾವನ ಮನೆ ಸೇರಿದ್ದೆ. ಮಾವ, ನಿಜಾಮರ ಪರ ನಿಂತ ಖಾಕಿ ಪಡೆಯಾದ ರಜಾಕಾರರ ಕಾಟಕ್ಕೆ ಗಡಿ ದಾಟಿ ಹೋರಾಟಗಾರರ ಶಿಬಿರಕ್ಕೆ ಹೋಗಿದ್ದ; ಅವನ ಸುದ್ದಿಯೇ ಇರಲಿಲ್ಲ, ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಭಾರತದ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು ಎಂದು ಊರಲ್ಲಿ ಮಾತು. ಆದರೂ ಯಾರೂ ಬಾಗಿಲ ಅಗುಳಿ ತೆಗೆದಿರಲಿಲ್ಲ.

ಒಂದು ಮಧ್ಯಾಹ್ನ ಯಾರೋ ಬಾಗಿಲು ಮೆಲ್ಲಗೆ ಬಡಿದರು. ಹಲಗೆಯ ಗಂಟು ಉದುರಿ ಒಂದು ತೂತಾಗಿತ್ತು. ಅದರಲ್ಲಿ ಕಣ್ಣಿಟ್ಟೆ. ಖಾಕಿ ಅಂಗಿ, ಮೇಲೆ ತಲೆಯಿಲ್ಲ, ಕೆಳಗೆ ಕಾಲಿಲ್ಲ.

"ಅತ್ತಿ, ರಜಾಕಾರ ಬಂದಾನ್ರಿ!"

"ಮಾರಿ ನೋಡಿದೇನು?"

"ಇಲ್ರಿ, ಬರೇ ಅಂಗಿ."

"ಅಂಗಿ ಯಾರರೆ ಹಾಕೋತಾರ. ಸರಿ ಅತ್ಲಾಗ," ಎಂದು ಸೋಮವ್ವತ್ತೆ ನನ್ನನ್ನು ತಳ್ಳಿ ತಾನೇ ನೋಡತೊಡಗಿದಳು, ಪಿಸುಗುಟ್ಟುತ್ತ ನನಗೂ ಹೇಳತೊಡಗಿದಳು. ಹೊರಗಿನವನು ಸೆಕೆಗೆ ಗುಂಡಿ ಬಿಚ್ಚಿದ. ಇಷ್ಟಲಿಂಗದ ಬೆಳ್ಳಿ ಕರಡಿಗೆ ಹೊರಬಂತು.

"ತೆಗೀಲೇನ್ರಿ?"

"ತಡಿಯಪಾ. ಯಾರ ಕೊಳ್ಳಾಗಿಂದು ಹರಕೊಂಡು ಬಂದಾನೋ!"

ಅಂಥದೇ ಕರಡಿಗೆ ಮಾವನ ಕೊರಳಲ್ಲಿತ್ತು; ಗಳಿಗೆಗೊಮ್ಮೆ ಅದನ್ನು ಕಣ್ಣಿಗೊತ್ತಿಕೊಳ್ಳುವುದು ಅವನ ರೂಢಿ. ಮನೆಯೊಳಗೆ ಯಾರಿದ್ದಾರೋ ಎಂದು ಅವನು ಉಸಿರೆತ್ತಲಿಲ್ಲ, ಹೊರಗೆ ಯಾರೋ ಎಂದು ನಾವೂ ಎತ್ತಲಿಲ್ಲ. ಅಷ್ಟರಲ್ಲಿ ಕೈಯೊಂದು ಕರಡಿಗೆಯನ್ನು ಮೇಲೆತ್ತಿತು, ತೂತಿನ ಅಂಚು ದಾಟಿ ಕಾಣದಾಯಿತು, ಮತ್ತೆ ಇಳಿದು ಅಂಗಿಯೊಳಗೆ ಸೇರಿತು.

"ಕಣ್ಣಿಗಿ ಒತ್ಗೊಂಡ್ರು," ಎಂದಳು ಅತ್ತೆ.

ಕಣ್ಣು ಅವಳಿಗೆ ಕಂಡಿರಲೇ ಇಲ್ಲ. ಆದರೆ 'ಬಂದಾನೋ' ಎಂದವಳು 'ಒತ್ಗೊಂಡ್ರು' ಎಂದದ್ದರಲ್ಲೇ ನನಗೆ ಎಲ್ಲ ತಿಳಿಯಿತು. ಅಗುಳಿ ಸರಿಯಿತು. ಮಾವ ಪೂರ್ತಿ ಮನುಷ್ಯನಾಗಿ ಒಳಗೆ ಬಂದ.

ಒಂದು ತುಣುಕಿನಿಂದ ಇಡೀ ಮನುಷ್ಯನನ್ನು ಕಟ್ಟಿಕೊಳ್ಳುವುದು ನಮ್ಮ ಕಣ್ಣಿನ ಚಾಳಿ. ಚಿತ್ರ ತೆಗೆಯುವವರು ಬದುಕುವುದೇ ಇದರ ಮೇಲೆ. ಸಿನಿಮಾದ ಹೊರಗೆ ಮಾತ್ರ ಅದು ಅಷ್ಟು ಸಾಧುವಲ್ಲ. ನಾವು ಖಾಕಿಗೆ ಹೆದರಿದ ಆ ದಿನಗಳಲ್ಲೇ, ಟೋಪಿ ಗಡ್ಡಗಳ ಒಂದು ತುಣುಕು ಕಂಡದ್ದಕ್ಕೇ ಪ್ರಾಣ ತೆತ್ತ ಮುಸ್ಲಿಂ ನೆರೆಯವರೂ ಇದ್ದರು. ಚೌಕಟ್ಟಿನ ಆಚೆ ಏನಿದೆಯೆಂದು ಕಾಯುವ ತಾಳ್ಮೆ ಆಗ ಯಾರಿಗಿತ್ತು?

ಮರುದಿನ ಅತ್ತೆ, ಶಿಬಿರದಲ್ಲಿ ಮಾವನಿಗೆ ಕೊಟ್ಟಿದ್ದ ಆ ಖಾಕಿ ಅಂಗಿ ಒಗೆದು ಅಂಗಳದ ಹಗ್ಗಕ್ಕೆ ಹಾಕಿದಳು. ಓಣಿಯ ಬಾಗಿಲುಗಳೆಲ್ಲ ದಡದಡ ಮುಚ್ಚಿಕೊಂಡವು. ಅತ್ತೆ ಒಂದು ಗಳಿಗೆ ಯೋಚಿಸಿ, ಒಳಗಿನಿಂದ ತನ್ನ ಹಸಿರು ಸೀರೆ ತಂದು ಅಂಗಿಗೆ ತಾಗುವಂತೆ ಪಕ್ಕದಲ್ಲೇ ಹರವಿದಳು. ಸೀರೆಯ ಮಗ್ಗುಲಿನ ಅಂಗಿ ಗಂಡನದೇ ಇರಬೇಕೆಂದು ಒಂದೊಂದೇ ಬಾಗಿಲು ತೆರೆಯಿತು. ಎದುರುಮನೆಯ ಮುದುಕಿ ಗೋಡೆಯ ಮೇಲಿಂದ ಇಣುಕಿ,

"ಸೋಮವ್ವಾ, ಬಂದಾನೇನ ನಿನ್ನ ಗಂಡ?" ಎಂದಳು.

"ಇಲ್ಲಬೇ ಯವ್ವಾ, ಬರೇ ಅಂಗಿ ಬಂದದ," ಎಂದು ಅತ್ತೆ ಸೀರೆಯ ನಿರಿಗೆ ಬಿಡಿಸುತ್ತ ನಕ್ಕಳು.